ಸಾಸಿವೆಯಷ್ಟು ಮುಖ

ಮೊದಲ ಚೌಕಟ್ಟಿನಲ್ಲಿ ನಾಲ್ಕೇ ಜನ.
ಸಾವಿರದ ಒಂಬೈನೂರ ಹನ್ನೊಂದು. ಒಂದೊಂದು ಮುಖವೂ
ಬೀಟ್‌ಗೆಡ್ಡೆಯಷ್ಟು ದಪ್ಪ.
ಅಮಾಲಿಯಾ ಶ್ವಿಂಟಳ ಕಾಲರಿನ ಮೇಲೆ
ಇಸ್ತ್ರಿ ಸುಟ್ಟ ಕಲೆಯೂ ಕಾಣುತ್ತದೆ.
ಹಿಂದೆ ಶಾಲೆ: ದಿನಸಿ ಅಂಗಡಿಯ ಮಹಡಿ,
ಹೊರಗಿನಿಂದ ಏರುವ ಮರದ ಮೆಟ್ಟಿಲು,
ಕಿಂಬ್ರೊ ಹೈಸ್ಕೂಲು ಎಂಬ ಬೋರ್ಡು ಇನ್ನೂ ಇಲ್ಲ.

ಪ್ರತಿ ಜೂನ್, ಶಾಲೆ ಮುಚ್ಚಿದ ಮರುವಾರ,
ಈ ಚೌಕಟ್ಟುಗಳನ್ನು ಒರೆಸುವವಳು ನಾನು.
ಆಫೀಸಿನ ಗುಮಾಸ್ತೆ; ಇದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ.
ಆದರೂ ಯಾರಿಗೂ ಬಿಟ್ಟುಕೊಟ್ಟಿಲ್ಲ.
ಸ್ಪಿರಿಟ್ಟು, ಹಳೆ ಬನಿಯನ್ನು, ಎರಡು ಮೆಟ್ಟಿಲಿನ ಏಣಿ.

ಸಕ್ಕರೆ ಕಾರ್ಖಾನೆ ಬಂತು. ಒಂಬತ್ತು ಜನ. ಹದಿನಾಲ್ಕು.
ಊರಿಗೆ ಚಿಮಣಿ ಬಂದದ್ದೇ ತಡ ಶಾಲೆಗೂ ಇಟ್ಟಿಗೆ ಬೇಕೆನಿಸಿತು.
ಸಾಲಪತ್ರಕ್ಕೆ ಹೂಂ ಎಂದವರು ನೂರಾ ಆರು,
ಬೇಡವೆಂದವರು ನೂರಾ ಮೂರು.
ಆ ಮೂರು ಮತದ ಮೇಲೆ ನಿಂತಿದೆ ಈ ಎರಡಂತಸ್ತು.
ಬೇಡವೆಂದವರ ಮಕ್ಕಳೂ ಇಲ್ಲೇ ಓದಿದರು,
ಇದೇ ನಲ್ಲಿಗೆ ಬಾಯಿಟ್ಟರು.

ಹತ್ತೊಂಬತ್ತರ ಜಾಗದಲ್ಲಿ ಮೊಳೆ ಮಾತ್ರ.
ಜ್ವರದ ವರ್ಷ. ತರಗತಿಗಳಲ್ಲಿ ಮಂಚ ಹಾಕಿದ್ದರಂತೆ.
ಮೊಳೆಯನ್ನೂ ಒರೆಸುತ್ತೇನೆ.

ಮೂವತ್ತೇಳರಲ್ಲಿ ಮೂವತ್ತೊಂದು ಮುಖ. ನನ್ನಜ್ಜ
ಎವುಲಾಲಿಯೊ ಬರೇಲಾ ಅದರಲ್ಲಿಲ್ಲ.
ಹಾಜರಿ ಪುಸ್ತಕದಲ್ಲಿದ್ದಾನೆ: ಸೆಪ್ಟೆಂಬರಿನ ಹನ್ನೊಂದು ದಿನ,
ಆಮೇಲೆ ಕೆಂಪು ಶಾಯಿಯಲ್ಲಿ ಒಂದೇ ಪದ, ಬೀಟ್.
ಪ್ಲ್ಯಾಟ್ ನದಿಯ ದಂಡೆಯ ಹೊಲ, ಹೆಪ್ಪುಗಟ್ಟಿದ ಮಣ್ಣು,
ಗೆಡ್ಡೆಯ ಸೊಪ್ಪು ಕೊಚ್ಚುವ ಕೊಕ್ಕೆಗತ್ತಿ
ಎಡಗೈಯ ಒಂದು ಬೆರಳನ್ನು ತನ್ನಲ್ಲೇ ಇಟ್ಟುಕೊಂಡಿತು.
ಓದು ಎಷ್ಟಕ್ಕೆ ನಿಂತಿತು ಅಜ್ಜಾ, ಎಂದರೆ
ಎರಡೂ ಕೈ ಎತ್ತಿ ತೋರಿಸುತ್ತಿದ್ದ:
ಒಂಬತ್ತಕ್ಕೆ.

ಹೆದ್ದಾರಿ ಬಂತು. ಮಾಂಸದ ಕಾರ್ಖಾನೆ ಬಂತು.
ಬೀಟಿನ ಸಾಲಿನಲ್ಲೇ ಮನೆಗಳು ಮೊಳೆತವು, ಸಾಲು ತಪ್ಪದೆ.
ಶಾಲೆಯ ಹಿಂದೆ ಎರಡು ತಗಡಿನ ಕೊಠಡಿ ಇಳಿಸಿ
'ತಾತ್ಕಾಲಿಕ' ಎಂದು ಬರೆಸಿದರು, ಎಪ್ಪತ್ತನಾಲ್ಕರಲ್ಲಿ.
ಅಲ್ಲಿ ನಾನು ಬೀಜಗಣಿತ ಕಲಿತೆ. ನನ್ನ ಮಗಳೂ.
ಬಾಗಿಲ ಚಿಲಕ ಇಬ್ಬರ ಬೆರಳನ್ನೂ ಕಚ್ಚಿದೆ.
ಬಣ್ಣ ಹೊಡೆಯುವಾಗಲೆಲ್ಲ ಆ ಪದವನ್ನು
ಮರೆಯದೆ ಮತ್ತೆ ಬರೆಸುತ್ತಾರೆ.

ಮನೆ ಹೆಚ್ಚಿದಂತೆ ಮುಖ ಸಣ್ಣದಾಯಿತು.
ಚೌಕಟ್ಟಿನ ಅಳತೆ ಬದಲಾಗಲಿಲ್ಲ ನೋಡಿ,
ಮೊದಲ ಬಡಗಿ ಕೊಯ್ದದ್ದೇ ಲೆಕ್ಕ.
ಹೆಬ್ಬೆರಳಷ್ಟಿದ್ದದ್ದು ಅವರೆಕಾಳು, ಅವರೆಕಾಳು ಹೋಗಿ ಹೆಸರು,
ಈ ವರ್ಷ ನಾನೂರ ಹನ್ನೆರಡು: ಸಾಸಿವೆ.

ನಿನ್ನೆ ಅಂಕಪಟ್ಟಿಗೆಂದು ಬಂದ ಹೋದಾನ್ ಅಬ್ಶಿರ್
ಗಾಜಿಗೆ ಮೂಗು ತಾಗಿಸಿ ತನ್ನನ್ನೇ ಹುಡುಕಿದಳು.
ಒಂದೇ ಗೌನು, ಒಂದೇ ಟೋಪಿ,
ಹಿಜಾಬಿನ ಮೇಲೆ ಟೋಪಿ ಇಟ್ಟವರೇ ನಲವತ್ತು.
'ಸಿಕ್ಕಿದೆ! ಕಣ್ಣು ಮುಚ್ಚಿರುವವಳು!'
ಮೊಗಾದಿಶುವಿನ ಅಜ್ಜಿಗೆ ಕಳಿಸಲು ಫೋಟೊದ ಫೋಟೊ ತೆಗೆದಳು.

ಹೊಸ ಶಾಲೆ ಕಾಲುವೆಯ ಆಚೆ ಏಳುತ್ತಿದೆ.
ನಕ್ಷೆ ನೋಡಿದ್ದೇನೆ. ಗೋಡೆಗಳೆಲ್ಲ ಗಾಜು,
ಮೊಳೆ ಹೊಡೆಯಲು ಜಾಗವಿಲ್ಲ.

ಅದಕ್ಕೇ ಇರಬೇಕು, ಯಾರಿಗೂ ತೋರಿಸದ್ದನ್ನು ಅವಳಿಗೆ ತೋರಿಸಿದೆ.
ಐವತ್ತೆರಡರ ಚಿತ್ರ. ಮೆಟ್ಟಿಲ ಮೇಲೆ ಐವತ್ತು ನಗು.
ಅವರ ತಲೆಯ ಮೇಲೆ, ಮಹಡಿಯ ಕಿಟಕಿಯಲ್ಲಿ,
ಒಳಗಿನಿಂದ ಗಾಜಿಗೊತ್ತಿದ ಒಂದು ಎಡಗೈ.
ಅಜ್ಜ ಆ ವರ್ಷವೇ ಶಾಲೆಗೆ ಮರಳಿದ್ದ, ಬಕೆಟ್ಟು ಹಿಡಿದು.
ಇಪ್ಪತ್ತು ಜೂನ್‌ಗಳಿಂದ ಎಣಿಸುತ್ತಿದ್ದೇನೆ,
ನನ್ನ ಕಣ್ಣಿಗೆ ಒಮ್ಮೆ ಐದು, ಒಮ್ಮೆ ಬರೀ ಬೆಳಕು.

ಹೋದಾನ್ ಏಣಿ ಹತ್ತಿದಳು. ಉಸಿರು ಬಿಗಿಹಿಡಿದು ನೋಡಿದಳು.
'ನಾಲ್ಕು' ಎಂದಳು.
ನಾನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.
ಅವಳು ಮೇಲಿನಿಂದಲೇ, ಸ್ವಲ್ಪ ತಡೆದು:
'ಹೆಬ್ಬೆರಳು ಸೇರಿಸಿಯೋ,
ಬಿಟ್ಟೋ?'